ವಲ್ಲಿಯ ಹೊರಗೆ ಹೇಳಿದ ಬೆಲೆ

ಮೋತಿಬಿ ಮಹಬೂಬಸಾಬ ಡಂಬಳ, ವಯಸ್ಸು ಅರವತ್ತೆಂಟು. ಲಕ್ಷ್ಮೇಶ್ವರದ ಆಡಿನ ವ್ಯಾಪಾರಿ ಮಹಬೂಬಸಾಬನ ಹೆಂಡತಿ. ಬೆಟಗೇರಿಯಲ್ಲಿ ಹೊಲಿಗೆಯಿಂದ ಜೀವನ ಸಾಗಿಸುವ ಅಮೀರಾಳ ತಾಯಿ. ಆಟೋ ಓಡಿಸುವ ಅನೀಸನ ಅತ್ತೆ. ಕಾಲೇಜು ಮೆಟ್ಟಿಲು ಹತ್ತಿರುವ ಜಾಸ್ಮಿನಳ ಅಜ್ಜಿ. ಹುಟ್ಟಿದ್ದು ಮುಂಡರಗಿ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ಲಕ್ಷ್ಮೇಶ್ವರಕ್ಕೆ. ತೀರಿಕೊಂಡದ್ದೂ ಅಲ್ಲಿಯೇ, ಕಳೆದ ಚಳಿಗಾಲದ ಒಂದು ಸಂತೆಯ ದಿನ, ಮನೆಗೆ ಬಂದು ಕೈಕಾಲು ತೊಳೆದು ಚಹಾಕ್ಕೆ ನೀರಿಟ್ಟ ಮೇಲೆ.

ಊರು ಆಕೆಯನ್ನು ಎರಡು ಕಾರಣಕ್ಕೆ ನೆನೆಯುತ್ತದೆ. ಒಂದನ್ನು ಎಲ್ಲರೂ ಹೊಗಳುತ್ತಾರೆ. ಇನ್ನೊಂದರ ಬಗ್ಗೆ ಇಂದಿಗೂ ಚಹಾದ ಅಂಗಡಿಯಲ್ಲಿ ವಾದ ನಡೆಯುತ್ತದೆ. ಎರಡಕ್ಕೂ ಬೇರು ಒಂದೇ: ಆಕೆಗೆ ತಿಳಿದುಕೊಳ್ಳದೆ ಸುಮ್ಮನಿರಲು ಬರುತ್ತಿರಲಿಲ್ಲ. ಬಸ್ಸು ಹತ್ತಿದರೆ ಮುಂದಿನ ಎರಡು ಗಾಲಿಗಳಲ್ಲಿ ಒಂದೇ ಏಕೆ ಹೊಸದು ಎಂದು ಕಂಡಕ್ಟರನನ್ನು ಕೇಳುವಳು. ಮದುವೆಯ ಊಟಕ್ಕೆ ಕುಳಿತರೆ ಅಕ್ಕಿ ಯಾವ ಊರಿನದು, ಅಲ್ಲಿಂದ ಇಲ್ಲಿಗೆ ತಂದವರು ಯಾರು ಎಂದು ಬಡಿಸುವವನನ್ನು ತಡೆದು ಕೇಳುವಳು. ಉತ್ತರ ಸಿಕ್ಕರೆ ಮುಖ ಅರಳುತ್ತಿತ್ತು. ಸಿಗದಿದ್ದರೆ ಊಟ ಅರ್ಧಕ್ಕೆ ನಿಲ್ಲುತ್ತಿತ್ತು.

ಆಡು ಕುರಿಯ ಸಂತೆಯನ್ನು ಕಾಣದವರಿಗೆ ಅಲ್ಲಿಯ ಪದ್ಧತಿಯನ್ನು ಮೊದಲು ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಲ್ಲುತ್ತಾರೆ. ಒಬ್ಬನು ಹೆಗಲ ಮೇಲಿನ ಟವೆಲನ್ನು, ಆ ಕಡೆಯ ಮಾತಿನಲ್ಲಿ ವಲ್ಲಿಯನ್ನು, ಇಬ್ಬರ ಕೈಗಳ ಮೇಲೆ ಹಾಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಪೂರ್ತಿ ಹಿಡಿದರೆ ಒಂದು ಲೆಕ್ಕ, ಗೆಣ್ಣಿನ ತನಕ ಹಿಡಿದರೆ ಇನ್ನೊಂದು ಲೆಕ್ಕ. ಬಟ್ಟೆಯ ಮೇಲೆ ಮಾತ್ರ ಇಬ್ಬರೂ ಮಳೆಯ ಸುದ್ದಿ, ಮಂದಿಯ ಸುದ್ದಿ ಮಾತಾಡುತ್ತಿರುತ್ತಾರೆ. ಆಡಿನ ಹಗ್ಗ ಒಬ್ಬನಿಂದ ಇನ್ನೊಬ್ಬನಿಗೆ ಹೋದದ್ದು ಸುತ್ತ ನಿಂತವರಿಗೆ ಕಾಣುತ್ತದೆ. ಎಷ್ಟಕ್ಕೆ ಹೋಯಿತೆಂಬುದು ಕಾಣುವುದಿಲ್ಲ. ಇದು ಮರ್ಯಾದೆಯ ಪದ್ಧತಿ, ಕಷ್ಟಕ್ಕೆ ಬಿದ್ದು ಅಗ್ಗಕ್ಕೆ ಮಾರಿದವನ ಮಾನ ಇದರಿಂದ ಉಳಿಯುತ್ತದೆ ಎಂದು ದಲಾಲರು ಹೇಳುತ್ತಾರೆ. ಉಳಿಯುತ್ತಿರಬಹುದು. ಆದರೆ ಒಂದೇ ಆಡಿಗೆ ಎರಡು ಬೆಲೆ ಹುಟ್ಟುವಷ್ಟು ಜಾಗವೂ ಆ ಬಟ್ಟೆಯ ಕೆಳಗೆ ಇರುತ್ತದೆ.

ಮಹಬೂಬಸಾಬ ಈ ಬೆರಳಿನ ಮಾತಿನಲ್ಲಿ ಪಳಗಿದವನು. ಅವನು ಜ್ವರದಿಂದ ತೀರಿಕೊಂಡಾಗ ಅಮೀರಾ ಇನ್ನೂ ಸಣ್ಣ ಹುಡುಗಿ. ಹಿತ್ತಲಲ್ಲಿ ಒಂದು ಹಿಂಡು ಆಡು ಉಳಿದಿತ್ತು, ಗೂಟಕ್ಕೆ ಅವನ ವಲ್ಲಿ ತೂಗುತ್ತಿತ್ತು. ಮೋತಿಬಿ ಆಡುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಬಲ್ಲವಳಾಗಿದ್ದಳು. ಮೇವು, ರೋಗ, ವಯಸ್ಸು ಎಲ್ಲ ಬಲ್ಲಳು. ಒಂದು ಮಾತ್ರ ಆಗುವಂತಿರಲಿಲ್ಲ. ಪರ ಗಂಡಸಿನ ಕೈಯನ್ನು ಬಟ್ಟೆಯ ಕೆಳಗೆ ಹಿಡಿಯುವುದು ಹೇಗೆ? ಆಕೆ ಕೊಡಳು, ಅವರೂ ಹಿಡಿಯರು.

ಗಂಡನ ತಮ್ಮ ಅಯ್ಯೂಬ ಅದೇ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಭಾಬಿಯ ಕೈ ನಾನಾಗುತ್ತೇನೆ ಎಂದ. ಕೆಲವು ಸಂತೆ ಹಾಗೆಯೇ ನಡೆಯಿತು. ಒಮ್ಮೆ ಹೋತವೊಂದನ್ನು ಕೊಂಡ ಕಸಾಯಿ ಚಹಾ ಕುಡಿಯುತ್ತ, ನಿಮ್ಮ ಹೋತ ನನಗೆ ತುಟ್ಟಿಯಾಯಿತು ಎಂದು ಬೆಲೆಯನ್ನು ಹೇಳಿಬಿಟ್ಟ. ಅಯ್ಯೂಬ ಕೈಗಿಟ್ಟ ಹಣಕ್ಕೂ ಆ ಬೆಲೆಗೂ ನಡುವೆ ಒಂದು ಮರಿಯ ಬೆಲೆಯಷ್ಟು ಅಂತರವಿತ್ತು. ಮೋತಿಬಿ ಜಗಳ ಮಾಡಲಿಲ್ಲ. ಆಕೆಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಗಿತ್ತು. ಇಷ್ಟು ಜನರ ನಡುವೆ ಇಷ್ಟು ದೊಡ್ಡ ಅಂತರ ಎಲ್ಲಿ ಅಡಗಿ ಕೂತಿತ್ತು ಎಂದು ಯೋಚಿಸಿದಳು. ಯೋಚಿಸಿದಷ್ಟೂ ಉತ್ತರ ಒಂದು ಮೊಳ ಬಟ್ಟೆಗೆ ಬಂದು ನಿಲ್ಲುತ್ತಿತ್ತು.

ಮುಂದಿನ ಸಂತೆಗೆ ಅಯ್ಯೂಬನಿಗೆ ಹೇಳದೆ ಬಂದು, ಬೇವಿನ ಗಿಡದ ಬುಡದಲ್ಲಿ ಆಡು ಕಟ್ಟಿ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ನಿಂತಳು. ಗಿರಾಕಿಯೊಬ್ಬ ಬಂದು ಹೋತದ ಬೆನ್ನು ಒತ್ತಿ ನೋಡಿದ. ರೂಢಿಯಂತೆ ವಲ್ಲಿ ತೆಗೆದ. ಎದುರಿಗೆ ಹೆಂಗಸನ್ನು ಕಂಡು ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಅತ್ತಿತ್ತ ನೋಡಿದ.

“ಕೈ ಹಿಡ್ಯಾಕ ಯಾರೂ ಬರೂದಿಲ್ಲ. ಬಾಯಿ ಐತಿ, ಹೇಳತೀನಿ ಕೇಳ್ರಿ,” ಎಂದಳು ಮೋತಿಬಿ. “ಈ ಹೋತ ಎರಡು ಸಾವಿರದ ಎಂಟುನೂರು.”

ಸುತ್ತಲಿದ್ದವರು ತಿರುಗಿ ನೋಡಿದರು. ಮಹಬೂಬನ ಹೆಂಡತಿ ಆಡು ಮಾರುತ್ತಿದ್ದಾಳೋ ಡಂಗುರ ಸಾರುತ್ತಿದ್ದಾಳೋ ಎಂದು ಯಾರೋ ನಗಾಡಿದರು. ಗಿರಾಕಿ ನಾಚಿಕೊಂಡೇ ಎರಡೂವರೆ ಎಂದ. ಆಕೆ ಎರಡು ಸಾವಿರದ ಏಳುನೂರಕ್ಕೆ ಇಳಿದಳು, ಅವನು ಹೂಂ ಎಂದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಅಂತೂರ ಬೆಂತೂರದ ಕುರಿಗಾರ ಮಾಳಿಂಗರಾಯ ತನ್ನ ದಲಾಲನ ತೋಳು ಹಿಡಿದ. ಅವನು ಆಗತಾನೆ ಅಂಥದೇ ಹೋತವನ್ನು ಬಟ್ಟೆಯ ಕೆಳಗೆ ಎರಡು ಸಾವಿರಕ್ಕೆ ಕೊಟ್ಟಿದ್ದ.

“ಲೇ, ನನ್ನ ಹೋತ ಇದರ ತಮ್ಮ ಇದ್ದಂಗ ಇತ್ತಲ್ಲೋ,” ಎಂದ ಮಾಳಿಂಗರಾಯ. “ಅಣ್ಣಗ ಒಂದು ರೇಟು, ತಮ್ಮಗ ಒಂದು ರೇಟೇನು?”

ಆ ದಿನದಿಂದ ಬೇವಿನ ಗಿಡದ ಸುತ್ತ ಜನ ನಿಲ್ಲತೊಡಗಿದರು. ಕೊಳ್ಳಲು ಬಂದವರಿಗಿಂತ ಕೇಳಲು ಬಂದವರೇ ಹೆಚ್ಚು. ಹರ್ತಿಯವರು, ಶಿರಹಟ್ಟಿಯವರು ತಮ್ಮ ಆಡಿನ ಹಗ್ಗವನ್ನು ಬಿಗಿಯಾಗಿ ಹಿಡಿದು, ಮೋತಿಬಿ ಒಂದು ಬೆಲೆ ಹೇಳಿ ಎದುರಿನವನು ಹೂಂ ಎನ್ನುವ ತನಕ ಕಾಯುತ್ತಿದ್ದರು. ಆಮೇಲೆ ಬೇಕಾದರೆ ವಲ್ಲಿ ಹಾಸಲಿ. ಕೆಳಗೆ ಬೆರಳು ಸುಳ್ಳು ಹೇಳುವುದು ಕಷ್ಟವಾಯಿತು. ದಲಾಲರು ಬೈದರು. ಅಯ್ಯೂಬ ಒಂದು ವರ್ಷ ಮಾತು ಬಿಟ್ಟ, ನಂತರ ತಾನೂ ಆ ಗಿಡದ ಬುಡಕ್ಕೇ ಬಂದು ಕುಳಿತ. ಊರು ಹೊಗಳುವ ಮೊದಲನೆಯ ಕಾರಣ ಇದು.

ಬೆಲೆಯ ಬಗ್ಗೆ ಆಕೆಯ ಕುತೂಹಲ ಅಲ್ಲಿಗೆ ತಣಿಯಲಿಲ್ಲ. ಬಕ್ರೀದಿನ ಮುಂಚೆ ಬೆಲೆ ಏಕೆ ಏರುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಹಬ್ಬವಿಲ್ಲದೆ ಏರಿದರೆ? ಆಗ ಆಕೆ ಕೇಳಿಕೊಂಡು ಹೊರಡುವಳು. ಮುಂಡರಗಿ ಕಡೆ ಮಳೆಯಾಗಿ ಮೇವು ಚಿಗುರಿದ್ದರಿಂದ ಕುರಿಗಾರರು ಮಾರಲು ಬಂದಿಲ್ಲ ಎಂದು ಒಮ್ಮೆ ಗೊತ್ತಾಗುತ್ತಿತ್ತು. ಇನ್ನೊಮ್ಮೆ ದೂರದ ವ್ಯಾಪಾರಿ ಲಾರಿ ತಂದು ನಿಲ್ಲಿಸಿರುತ್ತಿದ್ದ. ಏರಿದ ಬೆಲೆಯ ಹಿಂದೆ ಒಂದು ಕಾರಣ ಇರಲೇಬೇಕು, ಕಾಲಿದ್ದವರು ನಡೆದು ಹೋಗಿ ಅದನ್ನು ನೋಡಿ ಬರಬೇಕು ಎಂಬುದು ಆಕೆಯ ಹಟ. ಆ ಹಟವನ್ನು ಒಂದು ಸಲ ಬಿಟ್ಟಳು. ಮುಂದಿನದೆಲ್ಲ ಅದರಿಂದ ಆದದ್ದು.

ಕೊರೊನಾ ಮುಗಿದ ಮೇಲೆ ಮುಂಡರಗಿಯ ವೀರೇಶ ಎಂಬ ತರುಣ ಮೋತಿಬಿಯ ಗಿಡದ ಬುಡಕ್ಕೆ ಬಂದ. ಪದವೀಧರ, ಮೃದು ಮಾತಿನವನು, ‘ಹಸಿರು ಹಿಂಡು’ ಎಂಬ ಕಂಪನಿಯ ಏಜೆಂಟ. ಯೋಜನೆ ಸರಳವಾಗಿತ್ತು. ಹಣ ಕಟ್ಟಿದವರ ಹೆಸರಿಗೆ ಕಂಪನಿ ಆಡು ಕೊಳ್ಳುತ್ತದೆ, ತನ್ನ ಕೊಟ್ಟಿಗೆಯಲ್ಲಿ ಸಾಕುತ್ತದೆ. ಕಿವಿಗೆ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು, ನಂಬರಿನೊಂದಿಗೆ ಆಡಿನ ಫೋಟೋ ಮಾಲಕರ ಫೋನಿಗೆ. ಪ್ರತಿ ಮುಂಜಾನೆ ಆ ಆಡಿನ ಬೆಲೆ ಫೋನಿನಲ್ಲಿ ಮೂಡುತ್ತದೆ. ಬೇಕೆಂದಾಗ ಒಂದು ಗುಂಡಿ ಒತ್ತಿದರೆ ಮಾರಾಟ, ಹಣ ಬ್ಯಾಂಕಿಗೆ.

“ಚಾಚಿ, ನೀವು ಈ ಗಿಡದ ಬುಡಕ ಮಾಡಿದ್ದನ್ನ ನಾವು ಫೋನಿನ್ಯಾಗ ಮಾಡೇವಿ,” ಎಂದ ವೀರೇಶ. “ಬೆಲಿ ಮುಚ್ಚಿಟ್ಟಿಲ್ಲ. ಎಲ್ಲಾರಿಗೂ ಒಂದ ಸಲಕ್ಕ ಕಾಣತೈತಿ.”

ಮೋತಿಬಿಗೆ ಆದ ಸಂತೋಷ ಹೇಳತೀರದು. ಒಂದು ಗಿಡದ ಕೆಳಗೆ ತಾನು ಗಂಟಲು ಹರಿದುಕೊಂಡು ಮಾಡಿದ್ದು ಅಂಗೈಯಗಲದ ಗಾಜಿನ ಮೇಲೆ ನಾಲ್ಕು ತಾಲೂಕಿಗೆ ಕಾಣುತ್ತಿದೆ. ಆಕೆ ಆ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಯಾರಾದರೂ ಕೇಳಿದರೆ, ಇದರಲ್ಲಿ ವಲ್ಲಿ ಇಲ್ಲ ನೋಡಿರಿ, ಎನ್ನುತ್ತಿದ್ದಳು. ಕಾಣುವ ಬೆಲೆಯೆಲ್ಲ ಖರೆಯ ಬೆಲೆ ಎಂದು ನಂಬುವ ತಪ್ಪನ್ನು ಬೇರೆ ಯಾರು ಮಾಡಿದರೂ ಆಶ್ಚರ್ಯವಿರಲಿಲ್ಲ. ಬೆಲೆಯನ್ನು ಕಾಣಿಸುವುದಕ್ಕೇ ಆಯುಷ್ಯ ಸವೆಸಿದವಳು ಅದನ್ನು ಮಾಡಿದಳು. ಆಕೆಯ ಮಾತಿಗೆ ಸಂತೆಯಲ್ಲಿ ತೂಕವಿತ್ತು. ಬಾಳೆಹಣ್ಣು ಮಾರುವ ಸಾವಕ್ಕ ಒಂದು ಆಡು ಕೊಂಡಳು. ಹರ್ತಿಯಿಂದ ಎರಡು ಓಣಿ ಸೇರಿದವು. ಅಯ್ಯೂಬ ದಲಾಲಿಯ ಉಳಿತಾಯವನ್ನು ಹಾಕಿದ. ಅಮೀರಾ ಮದುವೆಯಲ್ಲಿ ತಾಯಿ ಹಾಕಿದ್ದ ಬಂಗಾರದ ಬಳೆಗಳನ್ನು ಮಾರಿ, ಶಾಲೆಯ ಸಮವಸ್ತ್ರ ಹೊಲಿದು ಕೂಡಿಸಿದ್ದನ್ನೂ ಸೇರಿಸಿ ಆಡುಗಳನ್ನು ಕೊಂಡಳು. ಬೆಟಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಮಾರಾಟಕ್ಕಿತ್ತು. ಮುಂದಿನ ವರ್ಷದ ದಸರೆಯೊಳಗೆ ಹಣ ಕೊಟ್ಟರೆ ಅದು ಅವಳದು. ಪಡಸಾಲೆಯ ಮೂಲೆಯಲ್ಲಿ, ಗಂಡ ಅನೀಸನ ಚಪ್ಪಲಿಗಳ ಪಕ್ಕದಲ್ಲಿ ಕುಳಿತು ಹೊಲಿದು ಅವಳಿಗೆ ಸಾಕಾಗಿತ್ತು.

ಮೊದಲ ವರ್ಷ ಎಲ್ಲವೂ ಏರಿತು. ಕಂಪನಿಯವರು ಒಂದೆರಡು ತಿಂಗಳು ಸಂತೆಗೇ ಬಂದು ಆಡು ಕೊಂಡರು, ಅದರಿಂದ ಸಂತೆಯ ಬೆಲೆಯೂ ಏರಿತು. ಇನ್ನೂ ಏರೀತೆಂದು ಮಾಳಿಂಗರಾಯ ಮರಿಗಳನ್ನು ಮಾರದೆ ಇಟ್ಟುಕೊಂಡ. ಎರಡನೆಯ ಬೇಸಿಗೆಯಲ್ಲಿ ಮೇವು ಒಣಗಿತು. ಇಟ್ಟುಕೊಂಡವರೆಲ್ಲ ಒಮ್ಮೆಗೇ ಮಾರಲು ಬಂದರು. ಸಂತೆಯ ಬೆಲೆ ಅರ್ಧಕ್ಕೆ ಕುಸಿಯಿತು. ಮೋತಿಬಿ ಅಂದು ಅಮೀರಾಳ ಫೋನು ನೋಡಿದಳು. ಅಲ್ಲಿ ಆಡಿನ ಬೆಲೆ ಹಿಂದಿನ ವಾರಕ್ಕಿಂತ ಮೇಲಿತ್ತು.

ಆಕೆಯ ಹಳೆಯ ಹಟ ಎಚ್ಚರಗೊಂಡಿತು. ವೀರೇಶನನ್ನು ಕೂರಿಸಿಕೊಂಡು, ಮುಂಡರಗಿ ಆಡಿಗೆ ಮೇವಿಲ್ಲ, ಫೋನಿನ ಆಡು ಏನು ತಿನ್ನುತ್ತದೆ ಎಂದು ಕೇಳಿದಳು. ಅವನು ನಕ್ಕ. ಈ ಬೆಲೆಯನ್ನು ಸಿಸ್ಟಮ್ಮು ಹಾಕುತ್ತದೆ ಎಂದ.

“ಹಾಕತೈತಿ ಅಂದ್ರ?” ಎಂದಳು. “ನಾ ಒಂದು ಬೆಲಿ ಅಂದ್ರ ಎದುರಿಗೆ ನಿಂತಾವ ಹೂಂ ಅನಬೇಕು. ಅವಾಗ ಅದು ಬೆಲಿ. ಇಲ್ಲಾಂದ್ರ ನನ್ನ ಆಸೆ ಅಷ್ಟ. ಇಲ್ಲಿ ಹೂಂ ಅಂದಾವ ಯಾರು?”

ವೀರೇಶನಿಗೆ ಗೊತ್ತಿರಲಿಲ್ಲ. ಅದು ಅವನ ನಾಟಕವಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ತಂದೆಯ ಹೊಲ ಮಾರಿದ ಹಣವನ್ನು ಅವನೂ ಅಲ್ಲಿಯೇ ಹಾಕಿದ್ದ. ಕೊಟ್ಟಿಗೆ ಇರುವ ಜಾಗವನ್ನು ಮಾತ್ರ ಹೇಳಿದ.

ಸಂತೆಯ ಹಿಂದಿನ ದಿನ ಮೋತಿಬಿ ಮಾಳಿಂಗರಾಯನನ್ನು ಜೊತೆಗೆ ಕರೆದುಕೊಂಡು ಮುಂಡರಗಿಯ ಆಚೆಯ ಗುಡ್ಡದ ಬುಡಕ್ಕೆ ಹೋದಳು. ಬಸ್ಸಿಳಿದು ಕಾಲುದಾರಿ ಹಿಡಿದಾಗ ಮಾಳಿಂಗರಾಯನ ನಡಿಗೆ ನಿಧಾನವಾಯಿತು. ಕೈಪಂಪನ್ನು ನೋಡಿದ. ಬಣ್ಣ ಬಳಿದ ಕಮಾನನ್ನು ನೋಡಿದ. ತಲೆಯ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ.

“ಮೋತಿಬವ್ವ, ಇಲ್ಲಿಗೆ ನಾ ಬಂದೇನಿ,” ಎಂದ. “ಇಡೀ ಹಿಂಡು ತೊಗೊಂಡು ಬಂದಿದ್ದೆ.”

ಎರಡು ವರ್ಷದ ಹಿಂದೆ ಕ್ಯಾಮೆರಾ ಹಿಡಿದ ಇಬ್ಬರು ಅವನ ಹಿಂಡನ್ನು ಒಂದು ದಿನದ ಬಾಡಿಗೆಗೆ ಕರೆಸಿದ್ದರು. ಲಾರಿ ಅವರದೇ, ಊಟ ಅವರದೇ. ಆಡುಗಳ ಕಿವಿಗೆ ಹಳದಿ ಬಿಲ್ಲೆ ಸಿಕ್ಕಿಸಿ, ಒಂದೊಂದನ್ನೇ ಎತ್ತಿ ಹಿಡಿದು ಫೋಟೋ ತೆಗೆದು, ಸಂಜೆಗೆ ಬಿಲ್ಲೆಗಳನ್ನು ಬಿಚ್ಚಿಕೊಂಡಿದ್ದರು. ಪಶು ಆಹಾರದ ಜಾಹೀರಾತು ಎಂದು ಅವನು ತಿಳಿದಿದ್ದ. ಉದುರಿ ಬಿದ್ದ ಬಿಲ್ಲೆಯೊಂದು ಚೆಂದ ಕಂಡದ್ದರಿಂದ ತನ್ನ ನಾಯಿಯ ಕೊರಳಿಗೆ ಕಟ್ಟಿದ್ದ. ಅದು ಇನ್ನೂ ಅಲ್ಲಿಯೇ ಇತ್ತು.

ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಗೋದಲಿಗಳಲ್ಲಿ ಜೇಡನ ಬಲೆ. ಮೂಲೆಯಲ್ಲಿ ಕಾವಲುಗಾರನ ಸ್ವಂತದ ಎರಡು ಆಡು. ಅವನು ನೀರು ಕೊಟ್ಟು, ಸಂಬಳ ಬಂದು ಮೂರು ತಿಂಗಳಾಯಿತು, ನಿಮಗೇನಾದರೂ ಖಬರು ಗೊತ್ತೇ ಎಂದು ಇವರನ್ನೇ ಕೇಳಿದ.

ಮಾಳಿಂಗರಾಯ ಊರಿಗೆ ಹೋಗಿ ನಾಯಿಯ ಕೊರಳಿನ ಬಿಲ್ಲೆಯನ್ನು ತರುವುದಾಗಿ ಹೇಳಿದ. ಮೋತಿಬಿ ಗದಗಿನಲ್ಲಿ ಇಳಿದು ಬೆಟಗೇರಿಗೆ ನಡೆದಳು. ಅಮೀರಾಳಿಗೆ ಹೇಳಬೇಕೆಂದೇ ಹೋದಳು. ಅವಳು ತಾಯಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಆ ಅಂಗಡಿಯ ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಿಸಿದಳು. ಕತ್ತರಿಸುವ ಮೇಜು ಇಲ್ಲಿ, ಕನ್ನಡಿ ಅಲ್ಲಿ, ಹೆಣ್ಣುಮಕ್ಕಳು ಅಳತೆ ಕೊಡಲು ಪರದೆ ಆ ಮೂಲೆಗೆ. ಮುಂದಿನ ವಾರ ಆಡುಗಳನ್ನೆಲ್ಲ ಮಾರುತ್ತೇನೆ ಎಂದಳು. ಮೋತಿಬಿ ಬಾಗಿಲಿನ ಕೊಂಡಿಯನ್ನು ಮುಟ್ಟಿ ನೋಡಿದಳು. ಈಗ ಹೇಳಿದರೆ ಅಮೀರಾ ಇಲ್ಲಿಯೇ ನಿಂತು ಗುಂಡಿ ಒತ್ತುತ್ತಾಳೆ. ನಾಳೆ ಹಣ ಬರುತ್ತದೆ. ಎಲ್ಲಿಂದ ಬರುತ್ತದೆ? ಆ ಪ್ರಶ್ನೆ ಆಕೆಯ ಬಾಯಿಗೆ ಅಡ್ಡ ನಿಂತಿತು. ಆಡುಗಳೇ ಇಲ್ಲದಿದ್ದರೆ ಅಮೀರಾಳ ಹಣ ನಿನ್ನೆ ಮೊನ್ನೆ ಹಣ ಕಟ್ಟಿದ ಇನ್ನೊಬ್ಬರದೇ ಆಗಬೇಕು. ಅವರಲ್ಲಿ ಅರ್ಧ ಜನ ತನ್ನ ಮಾತು ಕೇಳಿ ಕಟ್ಟಿದವರು. ಏನಾಗಿದೆ ಎಂದು ಅಮೀರಾ ಎರಡು ಸಲ ಕೇಳಿದಳು. ನಾಳೆ ಸಂತೆಗೆ ಬಾ, ಅಷ್ಟೇ ಎಂದು ಮೋತಿಬಿ ಬಸ್ಸು ಹತ್ತಿದಳು.

ಆದರೆ ಅಂಥ ಮಾತನ್ನು ಒಬ್ಬಳೇ ಹೊತ್ತುಕೊಂಡಿರುವುದು ಕಷ್ಟ. ಸಂಜೆ ಅಯ್ಯೂಬ ಮನೆಗೆ ಬಂದಾಗ ಎಲ್ಲವನ್ನೂ ಹೇಳಿದಳು. ಅವನು ಚಹಾ ಬಸಿಗೆ ಸುರಿದುಕೊಂಡ.

“ಮೊದಲ ಹುಡುಗಿಗೆ ಹೇಳ್ರಿ ಭಾಬಿ,” ಎಂದ. “ಒಂದ ದಿನ ವಲ್ಲಿ ಹಾಸ್ರಿ. ಆಕಿ ರೊಕ್ಕ ಬಂದ ಮ್ಯಾಲೆ ಊರಿಗೆಲ್ಲ ಹೇಳ್ರಿ. ಯಾರಿಗೂ ತಿಳಿಯೂದಿಲ್ಲ.”

“ಆಕಿಗೆ ಕೊಡೂದು ಸಾವಕ್ಕನ ರೊಕ್ಕ, ಅಯ್ಯೂಬ.”

“ಸಾವಕ್ಕ ನಿಮ್ಮ ಮಗಳೇನು?”

ಅವನು ಚಹಾ ಮುಗಿಸಿ ಎದ್ದು ಹೋದ.

ಮರುದಿನ ಸಂತೆ ತುಂಬಿದ ಮೇಲೆ ಆಕೆ ಬೇವಿನ ಗಿಡದ ಬುಡದಲ್ಲಿ ಎದ್ದು ನಿಂತಳು. ಬೆಲೆ ಕೇಳಲು ಜನ ಕಾದಿದ್ದರು. ಅವರ ಹಿಂದೆ ಅಮೀರಾ ನಿಂತಿದ್ದಳು. ಮೋತಿಬಿ ಅಂದು ಬೆಲೆ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಕೊಟ್ಟಿಗೆ, ಜೇಡನ ಬಲೆ, ಬಾಡಿಗೆಯ ಹಿಂಡು. ಮಾಳಿಂಗರಾಯ ನಾಯಿಯ ಕೊರಳಿನ ಬಿಲ್ಲೆಯನ್ನು ಎತ್ತಿ ಹಿಡಿದ. ಯಾರೋ ಅದರ ನಂಬರನ್ನು ಓದಿದರು. ಬಾಳೆಹಣ್ಣಿನ ಬುಟ್ಟಿ ಬಿಟ್ಟು ಬಂದ ಸಾವಕ್ಕ ಫೋನು ತೆಗೆದು, ಅದು ನನ್ನ ಆಡು ಎಂದಳು. ಶಿರಹಟ್ಟಿಯಿಂದ ಬಂದಿದ್ದ ಮಾಸ್ತರರೊಬ್ಬರು ತಮ್ಮ ಫೋನು ನೋಡಿ, ನನ್ನದೂ ಅದೇ ನಂಬರು, ಫೋಟೋ ಕೂಡ ಅದೇ ಎಂದರು. ಒಂದು ಗಳಿಗೆ ಇಬ್ಬರೂ ಒಬ್ಬರ ಫೋನನ್ನು ಇನ್ನೊಬ್ಬರು ನೋಡುತ್ತ ನಿಂತರು. ಆಮೇಲೆ ಸಂತೆಯಲ್ಲಿದ್ದ ಬೆರಳೆಲ್ಲ ಗುಂಡಿ ಒತ್ತತೊಡಗಿದವು.

ಮಧ್ಯಾಹ್ನದ ತನಕ ಪರದೆಯ ಮೇಲೆ ಬೆಲೆ ಏರಿದ ಹಾಗೆಯೇ ನಿಂತಿತ್ತು. ಆಮೇಲೆ ಕಂಪನಿಯ ಪುಟವೇ ತೆರೆಯಲಿಲ್ಲ. ಅಂದು ಮಾರಿದವರಲ್ಲಿ ಒಬ್ಬರಿಗೂ ಹಣ ಬರಲಿಲ್ಲ. ಬಂದದ್ದು ಹಿಂದಿನ ಸಂಜೆ ಮಾರಿದವನಿಗೆ. ಲಕ್ಷ್ಮೇಶ್ವರದಲ್ಲಿ ಹಾಗೆ ಮಾರಿದವನು ಒಬ್ಬನೇ, ಅಯ್ಯೂಬ.

ಅಮೀರಾಳಿಗೆ ಇದು ಸಂಜೆಯೊಳಗೆ ಗೊತ್ತಾಯಿತು. ತಾಯಿಯ ಮನೆಯ ಹೊಸ್ತಿಲ ಹೊರಗೇ ನಿಂತಳು.

“ಎಲ್ಲಾರಿಗೂ ಹೇಳಿದಿ. ನನಗ ಹೇಳಲಿಲ್ಲ.”

“ನಿನಗೂ ಹೇಳೇನಿ. ಎಲ್ಲಾರ ಜೋಡಿ ಹೇಳೇನಿ.”

“ಕಾಕಾಗ ಮೊದಲ ಹೇಳಿದಿ.”

ಅಮೀರಾ ಒಳಗೆ ಬರಲಿಲ್ಲ. ಆ ವರ್ಷದ ರಂಜಾನಿಗೂ ಬರಲಿಲ್ಲ, ಬಕ್ರೀದಿಗೂ ಬರಲಿಲ್ಲ.

ಊರು ಇಂದಿಗೂ ವಾದಿಸುವ ಸಂಗತಿ ಇದು. ಆಕೆ ಬಾಯಿ ತೆರೆಯದಿದ್ದರೆ ಕಂಪನಿ ಬೀಳುತ್ತಿರಲಿಲ್ಲ ಎನ್ನುವವರು ಇದ್ದಾರೆ. ಇಲ್ಲದ ಆಡು ಎಷ್ಟು ದಿನ ಹಾಲು ಕೊಡುತ್ತಿತ್ತು ಎನ್ನುವವರೂ ಇದ್ದಾರೆ. ಮೋತಿಬಿ ಈ ವಾದವನ್ನು ಪಕ್ಕದಲ್ಲಿ ಕುಳಿತು ಆಸಕ್ತಿಯಿಂದ ಕೇಳುತ್ತಿದ್ದಳು, ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ. ಆಕೆಯ ತಲೆಯಲ್ಲಿದ್ದ ಪ್ರಶ್ನೆ ಬೇರೆ. ಈ ಕಂಪನಿ ಮೊದಲ ರೂಪಾಯಿ ತೆಗೆದುಕೊಂಡ ದಿನವೇ ಯಾರಾದರೂ ಆ ಗುಡ್ಡದ ಬುಡಕ್ಕೆ ಹೋಗಿ ಬಾಗಿಲು ತೆರೆದು ನೋಡಬಹುದಿತ್ತಲ್ಲ? ಸಂತೆಯಲ್ಲಿ ತಕ್ಕಡಿಯ ಕಲ್ಲಿಗೆ ಸರಕಾರದ ಮುದ್ರೆ ಬೇಕು. ಒಂದು ಕಿಲೋ ಬದನೆಕಾಯಿಗೆ ಇರುವ ಕಾವಲು ಸಾವಿರ ಮನೆಯ ಉಳಿತಾಯಕ್ಕೆ ಏಕಿಲ್ಲ? ಇದ್ದರೆ, ಅದು ಎಲ್ಲಿ ಕುಳಿತಿತ್ತು?

ಕೇಳಿಕೊಂಡು ಹೊರಟಳು. ಗದಗಿನ ಜಿಲ್ಲಾ ಕಚೇರಿಗೆ ಹೋಗಲು ಅರ್ಜಿ ಬೇಕಿತ್ತು, ಆಕೆಗೆ ಬರೆಯಲು ಬರುತ್ತಿರಲಿಲ್ಲ. ಬೆಟಗೇರಿಯಿಂದ ಜಾಸ್ಮಿನ ಒಬ್ಬಳೇ ಬಂದು ಬರೆದುಕೊಟ್ಟಳು. ತಾಯಿ ಕಳಿಸಿದಳೇ ಎಂದು ಮೋತಿಬಿ ಕೇಳಲಿಲ್ಲ. ಆಕೆ ಬೇಕೆಂದೇ ಕೇಳದೆ ಬಿಟ್ಟ ಪ್ರಶ್ನೆ ಬಹುಶಃ ಅದೊಂದೇ.

ಅಧಿಕಾರಿ ಒಳ್ಳೆಯವರು, ಕೂರಿಸಿ ಮಾತಾಡಿದರು. ನಿಮ್ಮದು ಎಷ್ಟು ಹೋಗಿದೆ ಎಂದು ಕೇಳಿದರು. ನನ್ನದು ಒಂದು ರೂಪಾಯಿಯೂ ಇಲ್ಲ ಎಂದಳು. ಹಾಗಾದರೆ ನಿಮ್ಮ ದೂರು ಯಾರ ಮೇಲೆ ಎಂದರು.

“ಮೊದಲ ನನ್ನ ಮ್ಯಾಲೇ ಬರಕೊಳ್ರಿ ಸಾಹೇಬ್ರ,” ಎಂದಳು ಮೋತಿಬಿ. “ನಾ ಚಲೋ ಐತಿ ಅಂದೆ, ಮಂದಿ ರೊಕ್ಕ ಹಾಕಿದ್ರು. ನಿನಗ ಹ್ಯಾಂಗ ಗೊತ್ತು ಅಂತ ನನ್ನ ಯಾರೂ ಕೇಳಲಿಲ್ಲ. ಆಮ್ಯಾಲೆ ಖರೆ ಗೊತ್ತಾತು. ಎಲ್ಲಾರಿಗೂ ಕೂಡೇ ಹೇಳಬೇಕಂತ ಮಾಡಿದ್ದೆ, ಒಬ್ಬಾವನ ಮುಂದ ಬಾಯಿ ಬಿಟ್ಟೆ. ನನ್ನಂಥಾಕಿ ಬಾಯಿ ನಂಬಿ ಸಂತಿ ನಡೀಬಾರದು. ನೋಡಾಕ ನಿಮ್ಮ ಮಂದಿ ಬೇಕು. ರೊಕ್ಕ ತೊಗೊಳ್ಳೂಕಿಂತ ಮೊದಲ ನೋಡಬೇಕು, ನೋಡಿದ್ದನ್ನ ಎಲ್ಲಾರಿಗೂ ಕೂಡೇ ಒಂದ ದಿನ ಹೇಳಬೇಕು.”

ಅಧಿಕಾರಿ ಅದನ್ನು ಬರೆದುಕೊಂಡರು. ಅರ್ಜಿಯಲ್ಲಿ ಇನ್ನೊಂದು ಕೋರಿಕೆ ಇತ್ತು: ಆಡಿನ ಸಂತೆಯಲ್ಲಿ ಒಂದು ಹಲಗೆ ಬೇಕು. ಅದರ ಮೇಲೆ ಅಂದಿನ ಬೆಲೆಯನ್ನು ಸಂತೆಯ ಗುಮಾಸ್ತ ಬರೆಯಬೇಕು. ಅದೂ ಕೊಳ್ಳುವವನು ಮಾರುವವನು ಇಬ್ಬರೂ ಎದುರಿಗೆ ನಿಂತು ಹೂಂ ಎಂದ ಮೇಲೆ.

ಹಲಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಅದರ ನಡುವೆ ಕಂಪನಿ ನಡೆಸಿದವರು ಸಿಕ್ಕಿಬಿದ್ದರು. ಗುಡ್ಡದ ಬುಡದ ಜಮೀನು ಸರಕಾರದ ಕೈಗೆ ಬಂದು ಹರಾಜಾಯಿತು. ಆ ಹರಾಜನ್ನು ಕೇಳಲು ಮೋತಿಬಿ ಹೋದಳು. ಕೂಗುವವನ ದನಿ ಸಣ್ಣದಿತ್ತು. ಹಿಂದೆ ನಿಂತವರಿಗೂ ಕೇಳಬೇಕು, ಎತ್ತರಿಸಿ ಕೂಗು ಎಂದು ಗದರಿಸಿದಳು. ಬಂದ ಹಣವನ್ನು ಕಟ್ಟಿದ್ದಕ್ಕೆ ತಕ್ಕಂತೆ ಹಂಚಿದರು. ಸಾವಕ್ಕನಿಗೆ ಕಾಲುಭಾಗ ಬಂತು, ಅಮೀರಾಳಿಗೂ ಕಾಲುಭಾಗ. ಅಂಗಡಿ ಆಗಲೇ ಬೇರೆಯವರದಾಗಿತ್ತು. ಅಮೀರಾ ಅದರ ಮುಂದಿನ ಅರ್ಧವನ್ನು ಬಾಡಿಗೆಗೆ ಹಿಡಿದು ಮೇಜು ಹಾಕಿದಳು. ಪರದೆಗೆ ಜಾಗ ಸಾಲಲಿಲ್ಲ. ಅಯ್ಯೂಬ ತನ್ನ ಹಣದಲ್ಲಿ ಮನೆಗೆ ತೇಗದ ಬಾಗಿಲು ಹಾಕಿಸಿದ. ಮೋತಿಬಿ ಆ ಬಾಗಿಲನ್ನು ದಾಟಿ ಒಳಗೆ ಹೋಗಲಿಲ್ಲ.

ಹಲಗೆ ನಿಂತ ಮೊದಲ ಮಳೆಗಾಲದಲ್ಲಿ ಸುಣ್ಣದ ಅಕ್ಷರಗಳು ತೊಳೆದುಹೋಗುತ್ತಿದ್ದವು. ಗುಮಾಸ್ತ ಪ್ರತಿ ಸಂತೆಗೂ ಗೊಣಗುತ್ತಿದ್ದ. ಒಂದು ದಿನ ಅಮೀರಾ ಬಂದು, ಯಾರೊಂದಿಗೂ ಮಾತಾಡದೆ, ಟೇಪಿನಿಂದ ಹಲಗೆಯ ಉದ್ದಗಲ ಅಳೆದುಕೊಂಡು ಹೋದಳು. ಮುಂದಿನ ಸಂತೆಗೆ ದಪ್ಪ ರೆಕ್ಸಿನ್ನಿನ ಹೊದಿಕೆಯೊಂದನ್ನು ತಂದಳು. ನಾಲ್ಕೂ ಮೂಲೆಗೆ ಕಸೆ, ಅಂಚಿಗೆ ಎರಡು ಸಾಲು ಹೊಲಿಗೆ. ಮೋತಿಬಿ ಅದನ್ನು ಕೈಯಲ್ಲಿ ಹಿಡಿದು ಹೊಲಿಗೆಯನ್ನು ಎಳೆದು ನೋಡಿದಳು.

“ಮಳಿ ನಿಂತ ಕೂಡಲೇ ತೆಗೀಬೇಕ ನೋಡು,” ಎಂದಳು.

“ಗೊತ್ತೈತಿ ಅಮ್ಮಾ,” ಎಂದಳು ಅಮೀರಾ. “ಅದಕ್ಕ ಗಂಟು ಹಾಕಿಲ್ಲ, ಎಳೆದ್ರ ಬಿಚ್ಚೂ ಜೀರಗಂಟು ಹಾಕೇನಿ.”

ಮೋತಿಬಿ ಬಿಟ್ಟುಹೋದದ್ದು:

ಹಿತ್ತಲಲ್ಲಿ ಐದು ಆಡು, ಅವುಗಳಲ್ಲಿ ಒಂದು ಗಬ್ಬ. ಮಾಳಿಂಗರಾಯ ತನ್ನ ಹಿಂಡಿಗೆ ಸೇರಿಸಿಕೊಂಡಿದ್ದಾನೆ, ಮರಿ ಅಮೀರಾಳದು ಎಂದು ಸಂತೆಯಲ್ಲಿ ಎಲ್ಲರ ಮುಂದೆ ಹೇಳಿದ್ದಾನೆ.

ಮಹಬೂಬಸಾಬನ ವಲ್ಲಿ, ಒಗೆದು ಮಡಿಚಿಟ್ಟದ್ದು.

ನಂಬರು ಮಾಸಿದ ಒಂದು ಹಳದಿ ಬಿಲ್ಲೆ. ಸಾವಕ್ಕ ಅದನ್ನು ಕೇಳಿಕೊಂಡು ಬಂದಿದ್ದಳು, ಕೊಟ್ಟಿದ್ದಾರೆ.

ಜಾಸ್ಮಿನಳ ಅಕ್ಷರದಲ್ಲಿ ಅರ್ಜಿಯ ಒಂದು ಪ್ರತಿ. ಅದರ ಮೊದಲನೆಯ ಕೋರಿಕೆಗೆ, ರೊಕ್ಕ ತೆಗೆದುಕೊಳ್ಳುವ ಮೊದಲೇ ಹೋಗಿ ನೋಡುವ ಮಂದಿ ಬೇಕೆಂಬುದಕ್ಕೆ, ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ, ಜಾಸ್ಮಿನ ತಿಂಗಳಿಗೊಮ್ಮೆ ಹೋಗಿ ಕೇಳುತ್ತಾಳೆ.

ಒಲೆಯ ಮೇಲೆ ಚಹಾದ ಪಾತ್ರೆ.

ಬೇವಿನ ಗಿಡದ ಬುಡದಲ್ಲಿ ಸಂತೆಯ ಹಲಗೆ, ಅದಕ್ಕೊಂದು ಹೊದಿಕೆ, ಮತ್ತು ಹೂಂ ಎಂದವರು ಯಾರು ಎಂದು ಬರೆಯುವ ಮೊದಲು ಕೇಳುವ ಗುಮಾಸ್ತ.